ಹೂಂಗುಟ್ಟುವ ತಂತಿ

ಹೊನವಾಡದ ಸಕ್ರವ್ವಕ್ಕನ ದ್ರಾಕ್ಷಿ ತೋಟದಲ್ಲಿ, ಅರ್ಧ ತೋಡಿದ ಹೊಂಡದೊಳಗೆ, ಮಣ್ಣು ಅಗೆಯುವ ಚೈನ್ ಮಷಿನ್ ಸೊಂಡಿಲು ಎತ್ತಿಕೊಂಡು ನಿಂತಿತ್ತು. ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು, ಸೊಂಡಿಲು ಮಾತ್ರ ಅಲುಗದು. ಯಾರೋ ಮಂತ್ರ ಹಾಕಿ ಆನೆಯನ್ನು ಕಲ್ಲು ಮಾಡಿದ ಹಾಗೆ.

"ನೋಡವ್ವಾ, ಮತ್ತ ಹಿಡಕೊಂತು!" ಡ್ರೈವರ್ ಜಿಲಾನಿ ಚಾಚಾ ಕ್ಯಾಬಿನ್ನಿನಿಂದ ಎರಡೂ ಕೈ ಮೇಲೆತ್ತಿ ತೋರಿಸಿದರು. "ನನ್ನ ಕೈ ಎಲ್ಲಿ ಅದಾವ ನೋಡು. ಆ ಹಿಡಿಕಿ ನಾ ಮುಟ್ಟೇ ಇಲ್ಲ."

ಆ ಹಿಡಿಕೆ ಅಂದರೆ ಸೀಟಿನ ಎಡಕ್ಕಿರುವ ಲಾಕ್. ಅದು ಕೆಳಗಿದ್ದರೆ ಸೊಂಡಿಲು ಆಡುತ್ತದೆ, ಮೇಲೆತ್ತಿದರೆ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಕೆಳಗಿಳಿಯುವ ಮೊದಲು ಡ್ರೈವರ್ ಅದನ್ನು ಎತ್ತಬೇಕು. ಎತ್ತಿದಾಗಲೆಲ್ಲ ಮಷಿನ್ನಿನ ಮಾಲೀಕ ಸಿದ್ದರಾಮನ ಮೊಬೈಲಿಗೆ ಸುದ್ದಿ ಹೋಗುತ್ತದೆ. ಈಚೆಗೆ ಆ ಸುದ್ದಿಯದೇ ಸುರಿಮಳೆ. ಚಾಚಾ ಕೆಲಸ ನಿಲ್ಲಿಸಿ ಹರಟೆ ಹೊಡೆಯುತ್ತಿದ್ದಾರೆಂದು ಸಿದ್ದರಾಮ ತೀರ್ಮಾನಿಸಿ, ಬಬಲೇಶ್ವರದ ಬೇರೊಬ್ಬ ಡ್ರೈವರನಿಗೆ ನಾಳೆಯೇ ಬಾ ಎಂದು ಹೇಳಿಬಿಟ್ಟಿದ್ದ. ಚಾಚಾಗೆ ಉಳಿದದ್ದು ಇವತ್ತೊಂದೇ ದಿನ. ಅವರು ವಿಜಯಪುರದ ನಮ್ಮ ಗ್ಯಾರೇಜಿಗೆ ಫೋನು ಮಾಡಿದ್ದರಿಂದ ನಾನು ಮೀಟರು, ಲ್ಯಾಪ್‌ಟಾಪ್ ಹೊತ್ತು, ಬಸ್ಸಿನಲ್ಲಿ ತಿಕೋಟಾ ದಾಟಿ ಬಂದಿದ್ದೆ.

ಲ್ಯಾಪ್‌ಟಾಪ್ ಜೋಡಿಸಿದರೆ ಒಂದೂ ದೋಷವಿಲ್ಲ. 'ಹಿಡಿಕೆ ಎತ್ತಲಾಗಿದೆ' ಎಂದಷ್ಟೇ ತೋರಿಸಿತು. ಹಿಡಿಕೆಯೋ, ಕಣ್ಣೆದುರೇ ಕೆಳಗಿತ್ತು.

"ಇದೂ ಸಾವಕಾರ್ರ ಕಡೇದ ಏನು?" ಲ್ಯಾಪ್‌ಟಾಪ್ ನೋಡಿ ಚಾಚಾನ ಮುಖ ಸಣ್ಣದಾಯಿತು.

"ಅದರ ತಪ್ಪಿಲ್ಲ ಚಾಚಾ. ನಮ್ಮ ಆಯಿ ಕಥಿ ಹೇಳುವಾಗ ನಾವು ಹೂಂ ಅನ್ನಕೋಂತ ಇರಬೇಕಿತ್ತು. ಹೂಂ ನಿಂತ್ರ, ಹುಡುಗಿ ಮಲಗ್ಯಾಳ ಅಂತ ಕಥಿ ನಿಲ್ಲಿಸಿಬಿಡಾಕಿ. ಮಷಿನ್ನೂ ಹಂಗ. ಹಿಡಿಕಿ ಕೆಳಗದ ಅಂತ ಅದರ ಬುಡದಾಗಿನ ಸ್ವಿಚ್ಚು ಒಂದೇ ಸಮ ಹೂಂ ಅಂತಿರತೈತಿ. ಆ ಹೂಂ ಕೇಳಲಿಲ್ಲಂದ್ರ, ಡ್ರೈವರ್ ಇಳದ ಅಂತ ತಿಳದು ಇದು ಸೊಂಡಿ ಕಟ್ಟತೈತಿ. ಸ್ವಿಚ್ಚರೆ ಕೆಟ್ಟಿರಬೇಕು, ಇಲ್ಲಾ ದಾರ್ಯಾಗ ತಂತಿ ಹರದಿರಬೇಕು."

ಸ್ವಿಚ್ಚು ಪರೀಕ್ಷಿಸಿದೆ, ಗಟ್ಟಿಯಾಗಿತ್ತು. ಉಳಿದದ್ದು ತಂತಿ. ಹಿಡಿಕೆಯ ಬುಡದಿಂದ ಇಳಿದು, ಕ್ಯಾಬಿನ್ನಿನ ತಳದಲ್ಲಿ ಹಾಯ್ದು, ಸೀಟಿನ ಹಿಂದಿನ ಕಂಪ್ಯೂಟರ್ ಡಬ್ಬಿಯವರೆಗೆ, ಕಪ್ಪು ಕೊಳವೆಯೊಳಗೆ ಜಡೆಯಂತೆ ಹೆಣೆದುಕೊಂಡಿದ್ದ ತಂತಿಗಳು. ಹೊರಗಿನಿಂದ ನೋಡಿದರೆ ಮುತ್ತೈದೆಯ ಹೆರಳಿನಷ್ಟೇ ಚೆಂದ. ಒಳಗೆಲ್ಲೋ ತಾಮ್ರ ತುಂಡಾಗಿ, ಒಮ್ಮೆ ಕೂಡುತ್ತ ಒಮ್ಮೆ ಅಗಲುತ್ತ ಇದ್ದಿರಬೇಕು. ಬೆರಳಷ್ಟು ಬೆರಳಷ್ಟೇ ಅಲುಗಿಸುತ್ತ ಹೋಗಿ, ಮೀಟರಿನ ಅಂಕಿ ಎಲ್ಲಿ ಹಾರುತ್ತದೋ ಅಲ್ಲಿ ಹಿಡಿಯಬೇಕು. ತಂತಿ ಕೂಡಿರುವವರೆಗೆ ಪೀ ಅನ್ನಬೇಕಾದ ನನ್ನ ಮೀಟರು ಮೊನ್ನೆ ನೀರಿನ ಟಾಕಿಗೆ ಬಿದ್ದು ಮೂಕವಾಗಿತ್ತು.

ಇಂಜಿನ್ ಬಂದ್ ಮಾಡಿಸಿ, ತಂತಿಯನ್ನು ಡಬ್ಬಿಯಿಂದ ಬಿಡಿಸಿ ಮೀಟರು ಹಚ್ಚಿ, ಅದನ್ನು ಚಾಚಾನ ತೊಡೆಯ ಮೇಲಿಟ್ಟೆ. "ಅಂಕಿ ಸೊನ್ನಿ ಹತ್ರ ಇರೂತನಕ ಹೂಂ ಹೂಂ ಅನ್ರಿ. ಹಾರಿದ ಕೂಡಲೇ ಬಾಯಿ ಮುಚ್ರಿ."

"ಹಾರಿದಾಗ ಕೂಗಿದ್ರ ಆಗೂದಿಲ್ಲೇನು?"

"ನೀವು ನೋಡಿ, ಖಾತ್ರಿ ಮಾಡಕೊಂಡು, 'ಏ ಯವ್ವಾ' ಅನ್ನೂದ್ರಾಗ ನನ್ನ ಕೈ ಮುಂದ ಹೋಗಿರತೈತಿ."

ತಳದ ಮುಚ್ಚಳ ಬಿಚ್ಚಿ, ಚೈನಿನ ಮೇಲೆ ಅಂಗಾತ ಮಲಗಿ ಜಡೆಗೆ ಕೈ ಹಾಕಿದೆ. ಮೇಲಿಂದ ಹೂಂ ಶುರುವಾಯಿತು. ತುಸು ಹೊತ್ತಿಗೆ ಅದು ಆಕಳಿಕೆಯಾಯಿತು.

"ಬರೇ ಹೂಂ ಅಂತ ಎಷ್ಟೊತ್ತು ಅನ್ನಲಿ? ನಿಮ್ಮ ಆಯಿ ಕಥೀನರೆ ಹೇಳು."

ನನಗೂ ಅಷ್ಟೇ ಬೇಕಾಗಿತ್ತು. "ಒಬ್ಬ ರಾಜಾ ಇದ್ದ ಚಾಚಾ. ಒಂದಿನ ಅವನ ನೆರಳ ಕಳುವಾತು."

"ಹೂಂ!"

"ಕದ್ದಾಕಿ ಒಬ್ಬಾಕಿ ಹೂಗಾರಗಿತ್ತಿ. ತನ್ನ ಮಲ್ಲಿಗಿ ಬಳ್ಳಿಗೆ ಬಿಸಿಲು ಹತ್ತಬಾರದಂತ ಅದನ್ನ ಹಂದರದ ಮ್ಯಾಲೆ ಹಾಸಿದ್ಳು."

"ಹೂಂ, ಹೂಂ!"

ನೆರಳಿಲ್ಲದ ರಾಜನಿಗೆ ಯಾರೂ ಹೆಣ್ಣು ಕೊಡದೆ, ಅವನು ಊರೂರು ಅಲೆದು ಹೂಗಾರಗಿತ್ತಿಯ ಅಂಗಳಕ್ಕೆ ಬರುವ ಹೊತ್ತಿಗೆ ನನ್ನ ಕೈ ಜಡೆಯ ಕೊನೆ ಮುಟ್ಟಿತ್ತು. ಹೂಂ ಎಲ್ಲಿಯೂ ತುಂಡಾಗಿರಲಿಲ್ಲ. ಸ್ವಿಚ್ಚೂ ಸರಿ, ತಂತಿಯೂ ಸರಿ ಅಂದ ಮೇಲೆ ಸಿದ್ದರಾಮ ದೂರುವುದು ಚಾಚಾನ ಕೈಯನ್ನೇ. ಹಿಡಿಕೆ ಕೆಳಗಿದ್ದದ್ದನ್ನು ನಾನೇ ಕಂಡೆ ಅಂದರೆ ನಂಬುವನೇ?

ಹೊಂಡದ ದಂಡೆಯಲ್ಲಿ ಮಜ್ಜಿಗೆ ಹಿಡಿದು ಕೂತಿದ್ದ ಸಕ್ರವ್ವಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಏ ಹುಡುಗಿ, ಇವ ಮೀಟರ್ ಎಲ್ಲಿ ನೋಡ್ಯಾನ? ಕಣ್ಣು ಮುಚ್ಚಿ ರಾಜನ ನೆರಳಿನ ಬೆನ್ನು ಹತ್ಯಾನ!"

ಚಾಚಾ ನಾಲಿಗೆ ಕಚ್ಚಿಕೊಂಡರು. "ತೌಬಾ ತೌಬಾ! ಕಥೀಗೆ ಹೂಂ ಅಂದೆ ಯವ್ವಾ."

ಅಷ್ಟರಲ್ಲಿ ಬೈಕಿನ ಸದ್ದು. ಸಿದ್ದರಾಮ ಮೊಬೈಲ್ ಹಿಡಿದುಕೊಂಡೇ ಇಳಿದು ಬಂದ. "ಪುರಾಣ ನಡದೈತೇನು? ಅದಕ್ಕ ನನ್ನ ಮೊಬೈಲಿಗೆ ಬಿಡುವಿಲ್ಲ."

"ಸಾವಕಾರ್ರ, ಚಾಚಾನ ಹೂಂ ನಿಮಗ ಖರೇ ಅನಸೂದಿಲ್ಲ. ನೀವ ಕೂಡ್ರಿ," ಎಂದೆ. ಮಾಡಬೇಕಾದ್ದನ್ನು ವಿವರಿಸಿದೆ.

"ನಾ ಹೂಂ ಅನ್ಲೇನು? ನಾ ಏನ್ ತೊಟ್ಟಲ ಕೂಸೇನು?"

"ಕೂಡಪಾ ಶ್ಯಾಣ್ಯಾ," ಸಕ್ರವ್ವಕ್ಕ ಗದರಿದಳು. "ನನ್ನ ಹೊಂಡ ಅರ್ಧಾ ಬಿದ್ದೈತಿ. ಬಾಯಿ ಸವೀತೈತೇನು?"

ಚಾಚಾ ಇಳಿದು, ಹಿಡಿಕೆಗೆ ತನ್ನ ಗಾಳಿಯೂ ಸೋಕಬಾರದೆಂಬಂತೆ ದೂರದ ದ್ರಾಕ್ಷಿ ಸಾಲಿಗೆ ಹೋಗಿ ಕೈಕಟ್ಟಿ ನಿಂತರು. ಸಿದ್ದರಾಮ ಸೀಟಿನಲ್ಲಿ ಕೂತು, ಹಿಡಿಕೆಯನ್ನು ತಾನೇ ಕೆಳಗಿಳಿಸಿ, ಹಬ್ಬಕ್ಕೆ ಕರೆಸಿಕೊಂಡರೂ ಮುನಿಸು ಬಿಡದ ಅಳಿಯನ ಹಾಗೆ ಹೂಂಗುಟ್ಟತೊಡಗಿದ. "ಹೂಂ. ಹೂಂ. ಹೂಂ."

ಈ ಸಲ ಕಥೆಯಿಲ್ಲ. ತಳದ ನಡುವೆ ಒಂದು ಕಡೆ ಕ್ಲಿಪ್ಪು ಉದುರಿಹೋಗಿ, ಜಡೆ ತಗಡಿನ ಅಂಚಿಗೆ ಒರಗಿತ್ತು. ಅಲ್ಲಿ ಮೆಲ್ಲಗೆ ಬಗ್ಗಿಸಿದೆ.

ಮೇಲೆ ಸದ್ದಿಲ್ಲ.

"ಯಾಕ್ರಿ, ಸುಮ್ಮನಾದ್ರಿ?"

"ಅಂಕಿ ಹಾರಿತು."

ಬಿಟ್ಟೆ. "ಹೂಂ," ಬಂತು. ಬಗ್ಗಿಸಿದೆ. ಮೌನ. ಮತ್ತೆ ಬಿಟ್ಟೆ, ಮತ್ತೆ ಬಗ್ಗಿಸಿದೆ.

"ಈಗ ಹಿಡಿಕಿ ಯಾರು ಎತ್ಯಾರ ನೋಡ್ರಿ, ಸಾವಕಾರ್ರ."

ಸಿದ್ದರಾಮ ಎಡಕ್ಕೆ ತಿರುಗಿ ಹಿಡಿಕೆ ನೋಡಿದ, ಅದು ಕೆಳಗೇ ಇತ್ತು. ತಲೆ ಹೊರಗೆ ಹಾಕಿ ಚಾಚಾನನ್ನು ನೋಡಿದ. ಚಾಚಾ ಅಷ್ಟು ದೂರದಿಂದಲೇ ಎರಡೂ ಕೈ ಎತ್ತಿ ತೋರಿಸಿದರು.

ಕೊಳವೆ ಸೀಳಿದಾಗ ತಾಮ್ರದ ಎಳೆಗಳು ತುಂಡಾಗಿ ಹಸಿರು ಹಿಡಿದಿದ್ದವು. ಕೆಟ್ಟ ತುಂಡು ಕತ್ತರಿಸಿ ಹೊಸ ತಂತಿ ಬೆಸೆದು, ಮೇಲೆ ರಬ್ಬರಿನ ತೊಗಲು ತೊಡಿಸಿ, ಜಡೆಯನ್ನು ತಗಡಿನಿಂದ ದೂರ ಎಳೆದು ಹೊಸ ಕ್ಲಿಪ್ಪು ಹಾಕಿದೆ. ಚಾಚಾ ಹತ್ತಿ ಕೂತು ಮಷಿನ್ ಚಾಲೂ ಮಾಡಿದರು. ಎಡಕ್ಕೆ ತಿರುಗಿ, ಆಳಕ್ಕೆ ಸೊಂಡಿಲು ಚಾಚಿ, ಬಕೆಟ್ ತುಂಬ ಮಣ್ಣು ಬಾಚಿ ಎತ್ತಿದರು. ಮತ್ತೆ ಮತ್ತೆ ಬಾಚಿದರು. ಸಿದ್ದರಾಮನ ಮೊಬೈಲ್ ಉಸಿರೆತ್ತಲಿಲ್ಲ.

ಆಮೇಲೆ ಚಾಚಾ ಬಕೆಟ್ಟನ್ನು ನೆಲಕ್ಕೆ ಊರಿ, ಕಿಟಕಿಯಿಂದ ತಲೆ ಹಾಕಿದರು. "ಸಾವಕಾರ್ರ, ನಾಳಿ ಈ ಸೀಟಿನ್ಯಾಗ ಯಾರು ಕೂಡವ್ರು?"

ಸಿದ್ದರಾಮ ಕಿವಿ ಕೆರೆದುಕೊಳ್ಳುತ್ತ ಬಬಲೇಶ್ವರಕ್ಕೆ ಫೋನು ಹಚ್ಚಿದ. "ನಾಳಿ ಬರಬ್ಯಾಡೋ."

ಚಾಚಾ ಕಿವಿಗೆ ಕೈ ಹಚ್ಚಿ, ಕೇಳಿಸುತ್ತಿಲ್ಲವೆಂಬಂತೆ ತಲೆಯಾಡಿಸಿ ಇಂಜಿನ್ನಿನ ವೇಗ ಏರಿಸಿದರು.

"ಬರಬ್ಯಾಡೋ ಅಂದೆ! ಇಲ್ಲಿ ಸೀಟು ಖಾಲಿ ಇಲ್ಲ!"

ಇಂಜಿನ್ ಇನ್ನಷ್ಟು ಮೊರೆಯಿತು.

"ಜಿಲಾನಿ ಹಿಡಿಕಿ ಎತ್ತಿರಲಿಲ್ಲೋ! ತಂತಿ ಹರದಿತ್ತು! ತಂತಿ!"

ಕುಡಿ ಚಿವುಟುತ್ತಿದ್ದ ಹೆಣ್ಣುಮಕ್ಕಳು ದ್ರಾಕ್ಷಿ ಸಾಲುಗಳಿಂದ ತಲೆಯೆತ್ತಿ ಕಿಲಕಿಲ ನಕ್ಕರು.

"ಇನ್ನೂ ಜೋರ ಹೇಳಪಾ," ಅಂದಳು ಸಕ್ರವ್ವಕ್ಕ, "ತಿಕೋಟಾದವರಿಗೆ ಇನ್ನೂ ಕೇಳಿಲ್ಲ."