ದಡ ಗೆರೆಯಲ್ಲ ಎಂದವನು

ವಿಶ್ವೇಶ್ವರ ಶನಿವಾರ ಬೆಳಿಗ್ಗೆ ಸತ್ತ. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂಟಿ ಕೋಣೆಯಲ್ಲಿ, ಹೃದಯ ನಿಂತು, ಐವತ್ತೊಂದನೆಯ ವಯಸ್ಸಿಗೆ. ಹೆಂಡತಿ ಕೋಕಿಲಾ, ಮಗಳು ಇಂಚರಾ ತಿರುವನಂತಪುರದಲ್ಲಿದ್ದರು. ಸುದ್ದಿ ಮುಟ್ಟಿಸಿದವನು ನಾನು.

ಅವನ ನಡಿಗೆಯನ್ನು ಒಮ್ಮೆ ಕಂಡವರು ಮರೆಯುತ್ತಿರಲಿಲ್ಲ. ಇಪ್ಪತ್ತು ವರ್ಷ ಕೆರೆಯಂಚಿನ ಕೆಸರಿನಿಂದ ಕಾಲು ಕಿತ್ತು ಕಿತ್ತು ಇಟ್ಟ ಅಭ್ಯಾಸಕ್ಕೆ, ಕಚೇರಿಯ ನುಣುಪು ನೆಲದ ಮೇಲೂ, ಮದುವೆಮನೆಯ ಜಮಖಾನದ ಮೇಲೂ ಮೊಣಕಾಲನ್ನು ಎತ್ತರಕ್ಕೆತ್ತಿ, ಗಾಳಿಯಲ್ಲಿ ಒಂದು ಕ್ಷಣ ತಡೆದು, ಈ ನೆಲವನ್ನು ನಂಬಲೋ ಬೇಡವೋ ಎಂಬಂತೆ ಪಾದ ಊರುತ್ತಿದ್ದ. ಕಚೇರಿಯವರು ಬೆನ್ನ ಹಿಂದೆ 'ಕೊಕ್ಕ್ ಸಾರ್' ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. "ಕೊಕ್ಕರೆಗೆ ನಿಂತ್ಕೊಳ್ಳೋಕೆ ಜಾಗ ಎಲ್ಲಿದೆ ಅಂತ ಮಾತ್ರ ಒಬ್ಬನೂ ಕೇಳಲ್ಲ" ಎನ್ನುತ್ತಿದ್ದ.

ಕೋಲಾರದ ಕಡೆಯವನು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆರೆಗಳ ವಿಜ್ಞಾನಿ. ನಾನು ಬ್ಯಾಂಕಿನವನು. ತಿರುವನಂತಪುರದ ಚಾಲೈ ಬಜಾರಿನಲ್ಲಿ ರಾಗಿಹಿಟ್ಟು ಸಿಗದೆ ಅಂಗಡಿಯವನನ್ನು ಅಚ್ಚ ಕನ್ನಡದಲ್ಲಿ ಬೈಯುತ್ತಿದ್ದಾಗ ಸಿಕ್ಕ. ಬೈಗುಳ ಅರ್ಥವಾದದ್ದು ನನಗೊಬ್ಬನಿಗೇ, ನಕ್ಕೆ. ಹದಿನೈದು ವರ್ಷದ ಸ್ನೇಹ ಅಲ್ಲಿಂದ ಶುರುವಾಯಿತು.

ನಮಗೆಲ್ಲ ಕೆರೆಯೆಂದರೆ ನಡುವಿನ ನೀರು. ಅವನಿಗೆ ಕೆರೆಯೆಂದರೆ ಅಂಚು: ಬಿಸಿಲು ತಳ ಮುಟ್ಟುವಷ್ಟು ತೆಳುವಾದ ನೀರು, ಅದರಲ್ಲಿ ಬೇರೂರಿದ ಜೊಂಡು, ಜೊಂಡಿನ ಮರೆಯಲ್ಲಿ ಮೊಟ್ಟೆಯಿಟ್ಟು ಗಂಡು ಹೆಣ್ಣು ಎರಡೂ ಸೇರಿ ಕಾಯುವ ಕರಿಮೀನು. "ದಡ ಅಂದ್ರೆ ಗೆರೆ ಅಲ್ಲ ಕಣೋ ದಾಮೋದರ, ಊರು. ಊರಿನ ಮೇಲೆ ಗೆರೆ ಎಳೆದ್ರೆ ಏನಾಗುತ್ತೆ ಹೇಳು?" ನನಗೆ ಬಡ್ತಿಯಾದಾಗ ಕೆರೆದಂಡೆಯ ಹೋಟೆಲಿನಲ್ಲಿ ಊಟ ಹಾಕಿಸಿದೆ. ಕರಿಮೀನಿನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿ, "ಅದರ ಬಾಣಂತಿ ಕೋಣೆ ಮೇಲೇ ಹೋಟೆಲ್ ಕಟ್ಟವ್ರೆ, ಅದನ್ನೇ ಕರಿದು ಬಡಿಸ್ತಾರೆ. ನೀನು ತಿನ್ನಪ್ಪ, ಆಫೀಸರ್ರು" ಎಂದ. ನಾನು ತಿಂದೆ. ರುಚಿಯಾಗಿತ್ತು.

ಮಲಯಾಳ ಅವನಿಗೆ ಕೊನೆಗೂ ಒಲಿಯಲಿಲ್ಲ. ಊರಾಚೆಯ ಕೆರೆಯೊಂದರ ಸುತ್ತ ಕಲ್ಲಿನ ಗೋಡೆ ಕಟ್ಟಿ ವಾಕಿಂಗ್ ದಾರಿ ಮಾಡುವ ಯೋಜನೆ ಬಂದಾಗ, ನಿವಾಸಿಗಳ ಸಭೆಯಲ್ಲಿ ಆವೇಶದಿಂದ ಎದ್ದುನಿಂತ. ಕೆರೆಗೆ 'ಕಾಯಲ್' ಎಂಬ ಅವರ ಮಾತು ಆ ಗಳಿಗೆಯಲ್ಲಿ ನೆನಪಾಗದೆ, "ನಮ್ಮುಡೆ ಕೆರೆ ರಕ್ಷಿಕ್ಕಣಂ" ಎಂದು ಕೂಗಿಬಿಟ್ಟ. ಅವರಿಗೆ ಕೇಳಿಸಿದ್ದು 'ಕರ'; ಎಂದರೆ ನೆಲ. ನಮ್ಮ ನೆಲ ಉಳಿಸಬೇಕು! ಕೆರೆಗೆ ಮಣ್ಣು ತುಂಬಿಸಿದ ಜಾಗದಲ್ಲಿ ಸೈಟು ಕೊಂಡಿದ್ದವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಒಬ್ಬ ಬಂದು ತಬ್ಬಿಕೊಂಡ: "ಸಾರೇ, ಕರಯಾಣ್ ಎಲ್ಲಾಂ!" ನೆಲವೇ ಸರ್ವಸ್ವ, ಸಾರ್. ಅವನು ಆ ತಬ್ಬುಗೆಯಲ್ಲಿ ಸಿಕ್ಕಿಕೊಂಡು ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣಲ್ಲಿದೆ.

ಮೂರು ದಿಕ್ಕಿಗೆ ಗೋಡೆ ಎದ್ದಿತು. ಮೂಡಲಲ್ಲಿ ಮೂವತ್ತು ಮೀಟರು ಅಗಲದ ಜೊಂಡಿನ ಪಟ್ಟಿ ಉಳಿದಿತ್ತು. ಅದು ಕೆರೆಯ ಭಾಗವೆಂದು ಅಳೆದು ಬರೆದವನು ಇವನು. 'ಭಾಗವಲ್ಲ' ಎಂದು ತಿದ್ದಬೇಕಾದರೂ ಇವನ ಸಹಿಯೇ ಬೇಕಿತ್ತು. ಹಾಕಲಿಲ್ಲ. ಕೊಚ್ಚಿಗೆ ಎತ್ತಿಹಾಕಿದರು. ನಾಲ್ಕು ವರ್ಷ ಅಲ್ಲಿ ಕೂತು, ಯಾರೂ ಓದದ ವರದಿಗಳಿಗೆ ಪುಟಸಂಖ್ಯೆ ಹಾಕಿದ. ಪ್ಲಸ್ ಟೂ ಓದುವ ಇಂಚರಾ ದಿನಾ ಫೋನಿನಲ್ಲಿ, "ಅಪ್ಪಾ, ಎಪ್ಪೋಳಾ ವರುನ್ನೆ?" ಎಂದು, ಯಾವಾಗ ಬರುತ್ತೀಯೆಂದು, ಮಲಯಾಳದಲ್ಲಿ ಕೇಳುತ್ತಿದ್ದಳು. "ಕನ್ನಡದಲ್ಲಿ ಕೇಳು, ಬರ್ತೀನಿ" ಎನ್ನುತ್ತಿದ್ದ. ಅವಳು ಕನ್ನಡದಲ್ಲೇ ಕೇಳಿದ ದಿನ ಫೋನ್ ಇಟ್ಟುಬಿಟ್ಟನಂತೆ.

ಕಳೆದ ತಿಂಗಳು ಮೇಲಿನವರು ಮತ್ತೆ ಕಾಗದ ಕಳಿಸಿದರು: ಸಹಿ ಹಾಕಿದರೆ ತಿರುವನಂತಪುರಕ್ಕೆ ವರ್ಗ. ಕೋಕಿಲಾ ನನಗೆ ಫೋನ್ ಮಾಡಿದಳು. "ಅಣ್ಣ, ನಿಮ್ಮ ಮಾತು ಕೇಳ್ತಾರೆ. ನೀವೊಂದು ಸಲ ಹೇಳಿ."

ಅವನು ಸಾಯುವ ಎರಡು ದಿನ ಮುಂಚೆ, ಗುರುವಾರ, ಕೊಚ್ಚಿಗೆ ಹೋದೆ. ಕಾಗದ ಮೇಜಿನ ಮೇಲೇ ಇತ್ತು.

"ಮೂವತ್ತು ಮೀಟರ್ ಜೊಂಡು ಕಣೋ ವಿಶ್ವೇಶ. ಮಗಳು ದೊಡ್ಡವಳಾ, ಅದು ದೊಡ್ಡದಾ?"

"ಎಲ್ಲಾರೂ ಇದನ್ನೇ ಕೇಳಿದ್ರು. ನೀನೂ ಕೇಳ್ಬೇಕಿತ್ತಾ?"

ಅವನು ಕಾಗದವನ್ನು ನನ್ನ ಕಡೆಗೆ ತಿರುಗಿಸಿ ಕೇಳಿದ: "ಇದರಲ್ಲಿ ಬರೆದಿರೋದು ಸುಳ್ಳು ಅಂತ ನಿನಗೆ ಗೊತ್ತು ತಾನೆ?"

"ಗೊತ್ತು."

"ಸರಿ. ಇಬ್ಬರಿಗಾದ್ರೂ ಗೊತ್ತಿರಲಿ."

ವರ್ಗಾವಣೆಯ ಆದೇಶ ಸೋಮವಾರ ಬಂತು, ಸತ್ತವನ ಹೆಸರಿಗೆ. ಮೂಡಲ ದಿಕ್ಕಿನಲ್ಲಿ ಜೊಂಡು ಕೀಳುತ್ತಿದ್ದಾರೆ. ಹೊಸ ಗೋಡೆಯ ಪಕ್ಕ ಅವನ ಹೆಸರಿನದೊಂದು ಕಲ್ಲುಬೆಂಚು ಹಾಕಿಸೋಣವೆಂದು ನಿವಾಸಿಗಳ ಸಂಘದವರು ನನ್ನನ್ನು ಕೇಳಿದರು.

ಇಂಥವರನ್ನು ವೈರಿಗಳು ಮುರಿಯಲಾರರು. ಬೆದರಿಕೆಗೆ, ವರ್ಗಾವಣೆಗೆ, ಅವಮಾನಕ್ಕೆ ಅವರ ಬಳಿ ಉತ್ತರವಿರುತ್ತದೆ. ಇಲ್ಲದಿರುವುದು ಮನೆಯವರ ಕಣ್ಣೀರಿಗೆ, ಸ್ನೇಹಿತರ ಹಿತವಚನಕ್ಕೆ. ಲೋಕ ಅದನ್ನು ಬಲ್ಲದು. ಆದ್ದರಿಂದಲೇ ಕೊನೆಯ ಏಟಿಗೆ ನಮ್ಮನ್ನು ಕಳಿಸುತ್ತದೆ. ನಾವು ಪ್ರೀತಿಯೆಂದುಕೊಂಡೇ ಹೋಗುತ್ತೇವೆ.

ಶುಕ್ರವಾರ ಅವನು ಮೈಗೆ ಹುಷಾರಿಲ್ಲವೆಂದು ಮಲಗಿದ್ದನಂತೆ. ಕೋಣೆ ಬಿಟ್ಟು ಬರಲಿಲ್ಲ. ಹಾಗಾಗಿ ಅವನು ಮಾಡಿದ ಕೊನೆಯ ಕೆಲಸ ಗುರುವಾರ ಸಂಜೆಯದು. ಕಾಗದವನ್ನು ಪೂರ್ತಿ ಓದಿದ, ಒಂದು ಕಾಗುಣಿತ ತಪ್ಪು ತಿದ್ದಿದ, ತಾರೀಕು ಬರೆದ, ಸಹಿ ಹಾಕಿದ. ಪೆನ್ನು ನಾನು ಕೊಟ್ಟೆ.