ಐದನೆಯ ಗಿಡುಗ ಮತ್ತು ದವಡೆ ಹಲ್ಲು

ಡ್ರೈವಿಂಗ್ ಮೇಷ್ಟ್ರಿಗೂ ಅವರ ಷಡ್ಡಕ ಹಲ್ಲಿನ ಡಾಕ್ಟರಿಗೂ ಮಾತು ನಿಂತುಹೋದದ್ದು ಆಸ್ತಿಯ ವಿಚಾರಕ್ಕಲ್ಲ, ಅಕ್ಕತಂಗಿಯರಾದ ಅವರ ಹೆಂಡಂದಿರ ವಿಚಾರಕ್ಕೂ ಅಲ್ಲ. ಒಂದು ಸಿನಿಮಾದ ವಿಚಾರಕ್ಕೆ.

ಗಿಡುಗ ಅನ್ನುವ ಗೂಢಚಾರನ ಮೇಲೆ ಅಲ್ಲಿಯವರೆಗೆ ಏಳು ಸಿನಿಮಾ ಬಂದಿದ್ದವು. ಮೊದಲ ನಾಲ್ಕರ ಬಗ್ಗೆ ಯಾರದ್ದೂ ತಕರಾರಿರಲಿಲ್ಲ. ಗಿಡುಗ ವಿಮಾನದಿಂದ ಧುಮುಕುತ್ತಿದ್ದ, ಸೇತುವೆ ಕುಸಿಯುವ ಮುಂಚೆ ಕಾರು ದಾಟಿಸುತ್ತಿದ್ದ, ಕೋಟಿನ ಇಸ್ತ್ರಿ ಮುರಿಯದ ಹಾಗೆ ಹತ್ತು ಜನರನ್ನು ಮಲಗಿಸುತ್ತಿದ್ದ. ಐದನೆಯದರಲ್ಲಿ ಮಾತ್ರ ಅವನು ತನ್ನ ಶತ್ರುವಿನ ಜೊತೆ ಒಂದು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡುಬಿಟ್ಟ. ಅರ್ಧ ಸಿನಿಮಾ ಅದರೊಳಗೇ. ಇಬ್ಬರೂ ನೆಲದ ಮೇಲೆ ಕೂತು ಮಾತಾಡುತ್ತಾರೆ. ಗಿಡುಗ ತನಗೆ ಭಯ ಆಗುತ್ತದೆ ಅನ್ನುತ್ತಾನೆ. ಆಮೇಲೆ ಅಳುತ್ತಾನೆ. ಅಂದಿನಿಂದ ಅಭಿಮಾನಿಗಳ ಕುಲವೇ ಒಡೆದು ಎರಡಾಯಿತು. ಮೇಷ್ಟ್ರು ಒಂದು ಕಡೆ, ಡಾಕ್ಟರು ಇನ್ನೊಂದು ಕಡೆ.

ವರ್ಷಗಟ್ಟಲೆ ಇದು ನಗುತ್ತಾ ಕಾಲೆಳೆಯುವ ಮಟ್ಟದಲ್ಲೇ ಇತ್ತು. ಮಾವನ ಮನೆಯ ಭಾನುವಾರದ ಊಟದಲ್ಲಿ ಒಮ್ಮೆ ಮಿತಿಮೀರಿತು.

"ಐದನೇದನ್ನ ಮೆಚ್ಚೋನು ಗಿಡುಗನ ಅಭಿಮಾನಿನೇ ಅಲ್ಲ," ಅಂದರು ಮೇಷ್ಟ್ರು, ತಟ್ಟೆಯಿಂದ ತಲೆ ಎತ್ತದೆ. "ಅಳೋದು ನೋಡೋಕೆ ದುಡ್ಡು ಕೊಟ್ಟು ಥಿಯೇಟರಿಗೆ ಯಾಕೋ ಹೋಗ್ಬೇಕು? ನನ್ನ ಹತ್ರ ಕಾರು ಕಲಿಯೋಕೆ ಬರೋರು ದಿನಾ ಪುಕ್ಕಟೆ ಅಳ್ತಾರೆ."

"ನಿಮಗೆ ಕಾರು ಹಾರಿದ್ರೆ ಸಾಕು ಅಣ್ಣ, ಕಥೆ ಬೇಡ," ಅಂದರು ಡಾಕ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲಿಗೆ ಕೇಳಲಿಲ್ಲ. "ಹೋಗಲಿ ಬಿಡಿ, ಇಪ್ಪತ್ತು ವರ್ಷ ಒಂದೇ ಮೈದಾನ ಸುತ್ತಿದೋರಿಗೆ ಇನ್ನೇನು ಕಾಣ್ಬೇಕು?"

ಮೇಜಿನ ಸುತ್ತ ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಮೇಷ್ಟ್ರು ನಿಧಾನವಾಗಿ ನೀರು ಕುಡಿದು, "ಸರಿ ಡಾಕ್ಟ್ರೇ, ತಾವು ಓದಿದೋರು," ಅಂದರು. ಹನ್ನೆರಡು ವರ್ಷ 'ಏನೋ' ಅಂತ ಕರೆದ ಬಾಯಲ್ಲಿ 'ತಾವು' ಬಂತೆಂದರೆ ಕೆಲಸ ಕೆಟ್ಟಿತು ಅಂತಲೇ ಅರ್ಥ. ಮಾವ ಏನೋ ಹೇಳಲು ಬಾಯಿ ತೆರೆದರು. ಅತ್ತೆ ಅದಕ್ಕೆ ಆಸ್ಪದ ಕೊಡದೆ, "ಇಬ್ರೂ ಎದ್ದು ಕೈ ತೊಳ್ಕೊಳ್ಳಿ," ಅಂದುಬಿಟ್ಟರು.

ಆಮೇಲೆ ಭಾನುವಾರಗಳು ಪಾಳಿಯ ಮೇಲೆ ನಡೆದವು. ಒಬ್ಬರು ಬಂದ ವಾರ ಇನ್ನೊಬ್ಬರಿಗೆ ಏನೋ ಕೆಲಸ.

ಹೀಗಿರುವಾಗ ಮೇಷ್ಟ್ರ ಬಲ ದವಡೆಯ ಹಲ್ಲೊಂದು ಕಾಲು ಕೆರೆದು ಜಗಳಕ್ಕೆ ನಿಂತಿತು. ಲವಂಗ ಕಚ್ಚಿದರು, ಉಪ್ಪುನೀರು ಮುಕ್ಕಳಿಸಿದರು, ಗುಳಿಗೆ ನುಂಗಿದರು. ಹಲ್ಲು ಯಾವುದಕ್ಕೂ ಸೊಪ್ಪು ಹಾಕಲಿಲ್ಲ. ಆಗ ಅವರ ಹತ್ತಿರ ಬೇಕರಿಯ ಯಜಮಾನಿಯೊಬ್ಬರು ಕಾರು ಕಲಿಯುತ್ತಿದ್ದರು. ಪಕ್ಕದ ಸೀಟಿನಲ್ಲಿ ಮೇಷ್ಟ್ರು "ಆಹ್" ಅಂದಾಗಲೆಲ್ಲ ಆಕೆ ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡು ಗಕ್ಕನೆ ಬ್ರೇಕ್ ತುಳಿಯುತ್ತಿದ್ದರು. ಬ್ರೇಕಿನ ಕುಲುಕಾಟಕ್ಕೆ ಹಲ್ಲು ಮತ್ತೆ ಜುಮ್ಮೆನ್ನುತ್ತಿತ್ತು, ಮೇಷ್ಟ್ರು ಮತ್ತೆ "ಆಹ್" ಅನ್ನುತ್ತಿದ್ದರು. ಕೂಗಳತೆಯ ದೂರ ಹೋಗುವಷ್ಟರಲ್ಲಿ ಕಾರು ಏಳೆಂಟು ಸಲ ನಿಂತಿತು. ಹಿಂದಿದ್ದ ಬಸ್ಸಿನವನು ಇಳಿದು ಬಂದು, "ಯಾರಿಗಾದ್ರೂ ಮೈ ಸರಿ ಇಲ್ವಾ?" ಅಂತ ವಿಚಾರಿಸಿ ಹೋದ.

"ಇನ್ನು ಸಾಕು, ನಡೀರಿ," ಅಂದರು ಹೆಂಡತಿ. "ತಂಗಿಗೆ ಫೋನ್ ಮಾಡಿದೀನಿ. ಮನೇಲೇ ಡಾಕ್ಟ್ರನ್ನ ಇಟ್ಕೊಂಡು ಬೇರೆಯವರ ಮುಂದೆ ಬಾಯಿ ತೆಗೆಯೋದು ನಗೆಪಾಟಲು."

ಡಾಕ್ಟರ ಕೋಣೆಯಲ್ಲಿ ಮೇಷ್ಟ್ರು ಕುರ್ಚಿಗೆ ಒರಗಿದರು. ಕುರ್ಚಿ ಕೆಳಗಿಳಿಯಿತು, ತಲೆ ಹಿಂದಕ್ಕೆ ವಾಲಿತು, ಮುಖದ ಮೇಲೆ ದೀಪ ಬಂದು ನಿಂತಿತು. ಎಂಜಲು ಹೀರುವ ಕೊಳವೆ ಹಿಡಿದು ಒಂದು ಪಕ್ಕದಲ್ಲಿ ನರ್ಸಮ್ಮ. ಮೊಮ್ಮಕ್ಕಳನ್ನು ಕಂಡ ಹೆಂಗಸು, ನಾಜೂಕಿನ ಕೈ. ಇನ್ನೊಂದು ಪಕ್ಕದಲ್ಲಿ, ಮುಖಗವಸಿನ ಮೇಲೆ ಬರೀ ಕಣ್ಣು ಕಾಣುವಂತೆ, ಷಡ್ಡಕ.

"ಬೇರಿನವರೆಗೂ ಹೋಗಿದೆ. ಶುಚಿ ಮಾಡಿ ತುಂಬಬೇಕು," ಅಂದರು ಡಾಕ್ಟರು, ಅಪರಿಚಿತರಿಗೆ ಹೇಳುವ ಹಾಗೆ. ಸೂಜಿ ಚುಚ್ಚಿದರು. ತುಟಿ ದಪ್ಪಗಾಯಿತು, ನಾಲಿಗೆ ಯಾರದ್ದೋ ಆಯಿತು. "ನೋವಾದ್ರೆ ಎಡಗೈ ಎತ್ತಿ."

ಡ್ರಿಲ್ಲು ಗುಯ್ಯೆಂದಿತು. ಸ್ವಲ್ಪ ಹೊತ್ತು ಕೆಲಸ ನಡೆಯಿತು. ಆಮೇಲೆ ಡಾಕ್ಟರಿಗೆ ತಮ್ಮ ಅದೃಷ್ಟ ಹೊಳೆದಿರಬೇಕು. ವರ್ಷಗಟ್ಟಲೆ ಒಂದು ವಾಕ್ಯವನ್ನೂ ಪೂರ್ತಿ ಮಾಡಲು ಬಿಡದಿದ್ದ ಮನುಷ್ಯ ಈಗ ಬಾಯಿ ತುಂಬ ಹತ್ತಿ ತುಂಬಿಕೊಂಡು ಮಲಗಿದ್ದಾನೆ.

"ಅಣ್ಣ, ಒಂದು ಮಾತು. ಆ ಲಿಫ್ಟಿನ ದೃಶ್ಯ ಇದೆಯಲ್ಲ..."

ಮೇಷ್ಟ್ರ ಎಡಗೈ ತಟ್ಟನೆ ಮೇಲೆದ್ದಿತು.

ಡ್ರಿಲ್ಲು ನಿಂತಿತು. "ನೋವಾಯ್ತಾ?"

ಮೇಷ್ಟ್ರು ತಲೆ ಆಡಿಸಿದರು, ಇಲ್ಲ.

"ಹಾಗಾದ್ರೆ ಕೈ ಇಳಿಸಿ. ಕೈ ಎತ್ತೋದು ನೋವಿಗೆ ಮಾತ್ರ, ಅಭಿಪ್ರಾಯಕ್ಕಲ್ಲ." ಡ್ರಿಲ್ಲು ಮತ್ತೆ ಶುರುವಾಯಿತು. "ನಾಲ್ಕು ಸಿನಿಮಾದಲ್ಲಿ ಅವನು ಎಷ್ಟು ಜನರನ್ನ ಕೊಂದ? ಒಂದು ದಿನಾನಾದ್ರೂ ನಿದ್ದೆಗೆಟ್ನಾ? ಐದನೇದ್ರಲ್ಲಿ ಮೊದಲ ಸಲ ಅವನು ತನ್ನ ಕೈ ನಡುಗೋದನ್ನ ನೋಡ್ಕೊಳ್ತಾನೆ. ಅದು ಸಿನಿಮಾ ಅಣ್ಣ. ಉಳಿದಿದ್ದೆಲ್ಲ ಪಟಾಕಿ."

ಕೈ ಮತ್ತೆ ಎದ್ದಿತು. ಡಾಕ್ಟರು ಈ ಸಲ ಕೇಳಲೂ ಇಲ್ಲ, ತಾವೇ ಇಳಿಸಿ ಕುರ್ಚಿಯ ಹಿಡಿಯ ಮೇಲಿಟ್ಟು ಮೆಲ್ಲಗೆ ತಟ್ಟಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆ ಮಾಡಿದವನು ಇಂಥದ್ದೇ ಕುರ್ಚಿಯಲ್ಲಿ ಮಲಗಿರಬೇಕು ಅನ್ನಿಸಿತು ಮೇಷ್ಟ್ರಿಗೆ.

"ಯಾಕೆ ಹೇಳ್ದೆ ಅಂದ್ರೆ," ಡಾಕ್ಟರ ದನಿ ಸ್ವಲ್ಪ ತಗ್ಗಿತು, "ನಂಗೂ ಹಾಗೇ ಕೈ ನಡುಗುತ್ತೆ."

ಮೇಷ್ಟ್ರ ಕಣ್ಣು ಎರಡು ಲಾಂದ್ರದಂತೆ ಅರಳಿದವು. ಡ್ರಿಲ್ಲಿನ್ನೂ ಅವರ ಹಲ್ಲಿನೊಳಗೇ ತಿರುಗುತ್ತಿತ್ತು.

"ಈಗಲ್ಲ, ಈಗಲ್ಲ," ಅಂದರು ಡಾಕ್ಟರು ಬೇಗನೆ. "ಮೊದಮೊದಲು. ಹೊಸದಾಗಿ ಶುರು ಮಾಡಿದಾಗ. ಬರೋರೆಲ್ಲ ನನ್ನ ನೋಡಿ ಹೆದರ್ತಾರೆ ಅಣ್ಣ, ನಂಗೂ ಅವರಷ್ಟೇ ಹೆದರಿಕೆ ಅಂತ ಯಾರಿಗೆ ಹೇಳ್ಲಿ? ಬಾತ್‌ರೂಮಿಗೆ ಹೋಗಿ ಕೈಗೆ ತಣ್ಣೀರು ಬಿಟ್ಕೊಂಡು ಬರ್ತಿದ್ದೆ. ಆಗ ಆ ಸಿನಿಮಾ ಬಂತು. ಗಿಡುಗನೇ ಹೆದರ್ತಾನೆ ಅಂದ್ಮೇಲೆ ನಂದೇನು ಮಹಾ ಅನ್ನಿಸ್ತು."

ಮೇಷ್ಟ್ರ ಎಡಗೈ ಎದ್ದೇಳಲಿಲ್ಲ. ಅವರಿಗೆ ತಮ್ಮ ಕಾರು ನೆನಪಾಯಿತು. ಕಲಿಯುವವರು ಸ್ಟಿಯರಿಂಗ್ ಹಿಡಿದಾಗ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, ಆಕಳಿಸುತ್ತಾ ಕೂತಿರಬೇಕು, ಆಗಲೇ ಅವರಿಗೆ ಧೈರ್ಯ. ಆದರೆ ರಸ್ತೆ ತಿರುವು ಬಂದಾಗ ಮೇಷ್ಟ್ರ ಬಲಗಾಲು ತನ್ನಷ್ಟಕ್ಕೆ, ಕಲಿಸುವವರಿಗೆಂದೇ ತಮ್ಮ ಕಡೆ ಇದ್ದ ಎರಡನೇ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು, ಮನೆಗೆ ಬಂದ ಮೇಲೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎಣ್ಣೆ ತಿಕ್ಕುವ ಹೆಂಡತಿಗೆ ಅವರು ಹೇಳುತ್ತಿದ್ದದ್ದು, ವಯಸ್ಸಾಯಿತು ಕಣೇ ಅಂತ.

ಅಷ್ಟರಲ್ಲಿ ನರ್ಸಮ್ಮ ಬಾಯಿ ಹಾಕಿದರು.

"ನಂಗೂ ಐದನೇದು ಸೇರಲಿಲ್ಲಪ್ಪ. ನಿದ್ದೆ ಬಂದ್ಬಿಡ್ತು."

ತಮ್ಮ ಪಕ್ಷಕ್ಕೆ ಬಂದ ಸಾಕ್ಷಿಯನ್ನು ಮೇಷ್ಟ್ರು ಕೃತಜ್ಞತೆಯಿಂದ ನೋಡಿದರು.

"ಗಿಡುಗ ಅಂದ್ರೆ ಏಳನೇದು," ಅಂದರು ನರ್ಸಮ್ಮ.

ಡ್ರಿಲ್ಲು ನಿಂತಿತು. ಡಾಕ್ಟರು ಮೇಷ್ಟ್ರ ಕಡೆ ನೋಡಿದರು, ಮೇಷ್ಟ್ರು ಡಾಕ್ಟರ ಕಡೆ. ಏಳನೆಯದರಲ್ಲಿ ಗಿಡುಗನಿಗೆ ಅವಳಿ ತಮ್ಮ ಹುಟ್ಟಿಕೊಂಡಿದ್ದ, ಕಾರಿಗೆ ಮಾತು ಬಂದಿತ್ತು, ಕೊನೆಗೆ ಎಲ್ಲರೂ ಸೇರಿ ಹಡಗಿನ ಮೇಲೆ ಕುಣಿದಿದ್ದರು.

"ಏಳನೇದಾ?" ಅಂದರು ಡಾಕ್ಟರು.

"ಆಆಆ?" ಅಂದರು ಮೇಷ್ಟ್ರು, ಹತ್ತಿಯೊಳಗಿಂದ.

"ಅಲ್ಲಮ್ಮ, ಆ ಕಾರು ಅವನಿಗೆ ಬುದ್ಧಿ ಹೇಳುತ್ತಲ್ಲ, ಅದನ್ನ ನೀವು ಸಹಿಸ್ಕೊಂಡ್ರಾ?"

ಮೇಷ್ಟ್ರು ಎಡಗೈ ಎತ್ತಿ ತೋರುಬೆರಳಿನಿಂದ ಡಾಕ್ಟರನ್ನೇ ತೋರಿಸಿದರು, ಕೇಳಿ, ಇವನ ಮಾತು ಕೇಳಿ ಅನ್ನುವ ಹಾಗೆ.

"ಕಾರು ಹೇಳಿದ್ದು ಸರಿಯಾಗೇ ಇತ್ತಲ್ಲ," ಅಂದರು ನರ್ಸಮ್ಮ ಸ್ವಲ್ಪವೂ ಅಲುಗದೆ. "ಮನೆಗೆ ಹೋಗು, ಊಟ ಮಾಡು ಅಂತು. ಆರು ಸಿನಿಮಾದಲ್ಲಿ ಆ ಹುಡುಗನಿಗೆ ಅಷ್ಟು ಹೇಳೋರು ಇರಲಿಲ್ಲ. ಮತ್ತೆ ಕುಣಿದ್ರೆ ತಪ್ಪೇನು? ಇಷ್ಟು ವರ್ಷ ದುಡಿದಿದಾನೆ."

ಡಾಕ್ಟರು ಹಲ್ಲನ್ನು ತುಂಬಿ ಮುಗಿಸುವವರೆಗೂ ಇಬ್ಬರು ಷಡ್ಡಕರ ನಡುವೆ ಬರೀ ಕಣ್ಣಿನಲ್ಲೇ ಮಾತು ನಡೆಯಿತು. ಸಂತಾಪದ ಮಾತು.

ಹತ್ತಿ ತೆಗೆದಾಗ ಮೇಷ್ಟ್ರು ಎದ್ದು ಕೂತು ಗಂಟಲು ಸರಿಮಾಡಿಕೊಂಡರು. ಇಂಥ ಮಾತನ್ನು ಇನ್ನೊಮ್ಮೆ ಹೇಳುವ ಧೈರ್ಯ ತಮಗೆ ಬರಲಾರದು ಅಂತ ಅವರಿಗೆ ಗೊತ್ತಿತ್ತು. ಐದನೇದು ಅಷ್ಟೇನೂ ಕೆಟ್ಟದ್ದಲ್ಲ ಕಣೋ ಅಂತ ಹೇಳಲು ಹೊರಟರು. ಮರಗಟ್ಟಿದ ತುಟಿಯಿಂದ ಬಂದದ್ದು, "ಐಯೇಯು ಅಯ್ಯೇಊ ಕೆಯ್ಯಯ್ಯ ಕಯೋ."

ಡಾಕ್ಟರು ಅರ್ಥವಾಗದೆ ನರ್ಸಮ್ಮನ ಮುಖ ನೋಡಿದರು.

"ಐದನೇದು ಕೆಟ್ಟದ್ದು ಅಂತಿದಾರೆ," ಅಂದರು ನರ್ಸಮ್ಮ. ಮರಗಟ್ಟಿದ ಬಾಯಿಗಳ ಭಾಷೆಯಲ್ಲಿ ಅವರಿಗೆ ಮೂವತ್ತು ವರ್ಷದ ಪಳಗಿಕೆ ಇತ್ತು.

ಮೇಷ್ಟ್ರು ಅಲ್ಲ ಅನ್ನುವಂತೆ ಜೋರಾಗಿ ತಲೆ ಆಡಿಸಿದರು. ಕೈಯನ್ನೂ ಆಡಿಸಿದರು.

"ತುಂಬಾ ಕೆಟ್ಟದ್ದಂತೆ," ಅಂದರು ನರ್ಸಮ್ಮ.

ಡಾಕ್ಟರು ಮುಖಗವಸು ಇಳಿಸಿ, ನಿಟ್ಟುಸಿರು ಬಿಟ್ಟು, ನಕ್ಕುಬಿಟ್ಟರು. "ನಾಯಿ ಬಾಲ ಡೊಂಕೇ. ಹೋಗಲಿ ಬಿಡಿ ಅಣ್ಣ. ಮೈದಾನದ ಮಾತು ಆಡಿದ್ದು ನಂದು ತಪ್ಪು. ಭಾನುವಾರ ಬನ್ನಿ."

ಹೊರಗೆ ಕಾದಿದ್ದ ಹೆಂಡತಿಗೆ ಮೇಷ್ಟ್ರು ದಾರಿಯುದ್ದಕ್ಕೂ ಏನೋ ವಿವರಿಸಿದರು. ಅದರಲ್ಲಿ ಒಂದಕ್ಷರವೂ ಆಕೆಗೆ ತಿಳಿಯಲಿಲ್ಲ. ಮನೆಗೆ ಬಂದವರೇ ಅವರು ಟಿವಿ ಹಾಕಿ, ಆಣೆ ಇಟ್ಟು ದೂರ ಮಾಡಿದ್ದ ಐದನೆಯ ಗಿಡುಗನನ್ನು ಹುಡುಕಿ ತೆಗೆದು ಕೂತರು. ಗಂಡನಿಗೆ ಗಂಜಿ ತಂದ ಹೆಂಡತಿಯೂ ಪಕ್ಕದಲ್ಲಿ ಕೂತರು. ಆಕೆ ಗಿಡುಗನ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ.

ಲಿಫ್ಟು ನಿಂತಿತು. ಗಿಡುಗ ತನ್ನ ಕೈಯನ್ನು ನೋಡಿಕೊಂಡ. ಮೇಷ್ಟ್ರ ಚಮಚ ಬಟ್ಟಲಲ್ಲೇ ಉಳಿಯಿತು. ಪಕ್ಕದಲ್ಲಿ ಹೆಂಡತಿಯೂ ಮುಂದಕ್ಕೆ ಬಾಗಿ ನೆಟ್ಟ ಕಣ್ಣಿನಿಂದ ನೋಡುತ್ತಿದ್ದರು.

"ಅಲ್ರೀ," ಅಂದರು ಆಕೆ. "ಆ ಕೆಂಪು ಗುಂಡಿ ಒತ್ತಬಾರದಾ?"

ಮೇಷ್ಟ್ರು ಪರದೆ ನೋಡಿದರು. ಗಿಡುಗನ ಭುಜದ ಪಕ್ಕದಲ್ಲೇ, ಸಹಾಯಕ್ಕೆ ಕರೆಯುವ, ಗಂಟೆಯ ಚಿತ್ರವಿದ್ದ ಕೆಂಪು ಗುಂಡಿ. ಅರ್ಧ ಸಿನಿಮಾದುದ್ದಕ್ಕೂ ಅದು ಅಲ್ಲೇ ಕೂತಿತ್ತು. ಅಷ್ಟು ವರ್ಷ ಜಗಳಾಡಿದರೂ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ತುಟಿಗೆ ಆಗ ತಾನೇ ಜೀವ ಬರುತ್ತಿತ್ತು. ಅವರು ಫೋನ್ ಎತ್ತಿಕೊಂಡರು.

"ಏನೋ, ನಿನ್ನ ಅತ್ತಿಗೆ ಒಂದು ಪ್ರಶ್ನೆ ಕೇಳ್ತಿದಾಳೆ."

ಪ್ರಶ್ನೆ ಕೇಳಿದ ಮೇಲೆ ಡಾಕ್ಟರು, "ಅದು ಕೆಟ್ಟಿರುತ್ತೆ ಅಣ್ಣ," ಅಂದರು.

"ಕೆಟ್ಟಿದ್ರೆ ಒತ್ತಿ ನೋಡ್ಬೇಕಿತ್ತಲ್ವೇನೋ?"

"ಭಯದಲ್ಲಿ ಹೊಳೆದಿರಲ್ಲ."

"ಅವನ ಶತ್ರುಗೆ?"

"ಅವನಿಗೂ ಭಯ ಇರುತ್ತೆ."

"ಇರು, ಇರು, ಹಾಗಾದ್ರೆ..." ಅಂದರು ಮೇಷ್ಟ್ರು, ಸೋಫಾದಲ್ಲಿ ಕಾಲು ಮಡಚಿ ಸರಿಯಾಗಿ ಕೂತು. ಹೆಂಡತಿ ರಿಮೋಟನ್ನು ತಮ್ಮ ಕಡೆ ಎಳೆದುಕೊಂಡು, ಟಿವಿಯ ಸದ್ದು ಸ್ವಲ್ಪ ಏರಿಸಿದರು. ಆಕೆಗೆ ಮುಂದೇನಾಗುತ್ತದೆ ಅಂತ ನೋಡಬೇಕಿತ್ತು.