ಥಾಮಸನ ಜಾಮೀನುದಾರರು

ಹೊಸಪೇಟೆಯ ಬಿರುಬಿಸಿಲಿನಲ್ಲಿ ಉಣ್ಣೆಯ ಕೋಟು ತೊಟ್ಟು ತಿರುಗುವವರು ಗೋಪೀನಾಥಾಚಾರ್ಯರೊಬ್ಬರೇ. ಎಡಗೈಯನ್ನು ಬೆನ್ನ ಹಿಂದಿಟ್ಟು, ಎದುರು ಬಂದ ಆಟೋಗೂ ದಾರಿ ಬಿಡದೆ, ಹರಿನಾಮವನ್ನೋ ಯಾವುದೋ ಇಸವಿಯನ್ನೋ ಮೆಲುದನಿಯಲ್ಲಿ ಜಪಿಸುತ್ತ ಸಾಗುವ ಈ ನಿವೃತ್ತ ಇತಿಹಾಸ ಅಧ್ಯಾಪಕರು, ಆರುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಸಣ್ಣ ಪಟ್ಟಣವೊಂದರಿಂದ ಪಾರ್ಲಿಮೆಂಟಿಗೆ ಹೋಗಿಬಂದ ಥಾಮಸನೆಂಬ ಉಣ್ಣೆ ವ್ಯಾಪಾರಿಯ ಚರಿತ್ರೆ ಬರೆಯುತ್ತಿದ್ದರು. ಸಭೆಯಲ್ಲಿ ಅವನಾಡಿದ ಒಂದು ಮಾತೂ ಉಳಿದಿಲ್ಲ. ಊರು ಅವನನ್ನು ಆರಿಸಿತು, ದೂರದ ಪಯಣಕ್ಕೆ ಹೆದರಿ ತಪ್ಪಿಸಿಕೊಂಡಾನೆಂದು ಅಂದಿನ ಪದ್ಧತಿಯಂತೆ ನೆರೆಯವರಿಬ್ಬರು ಅವನಿಗೆ ಜಾಮೀನು ನಿಂತರು; ಉಳಿದದ್ದು ಇಷ್ಟೇ.

ಹಂಪಿಯ ಮಗ್ಗುಲಲ್ಲಿದ್ದು ಪರದೇಶದ ಅನಾಮಿಕನ ಗೊಡವೆಯೇಕೆಂದು ಹಳೆಯ ಸಹೋದ್ಯೋಗಿಗಳು ಹಂಗಿಸಿದರೆ, "ಇಲ್ಲಿಯ ಅರಸರ ಪರವಾಗಿ ಕಲ್ಲು ಮಾತಾಡ್ತಾವ. ಆತನ ಪರವಾಗಿ ಯಾರಿದಾರ್ರೀ?" ಎನ್ನುತ್ತಿದ್ದರು. ಕ್ರಮೇಣ ಆ ಪ್ರಶ್ನೆಯೂ ನಿಂತಿತು, ಮನೆಗೆ ಬರುವವರೂ ನಿಂತರು. ಮದುವೆಯಾಗದ ಆಚಾರ್ಯರಿಗೆ ನೈವೇದ್ಯದ ಬಾಳೆಹಣ್ಣನ್ನು ಹಂಚಿಕೊಳ್ಳಲೂ ಮನೆಯಲ್ಲಿ ಇನ್ನೊಂದು ಜೀವವಿರಲಿಲ್ಲ. ಥಾಮಸನ ಸುದ್ದಿ ಎತ್ತುತ್ತಿದ್ದವನು ಬಸ್ ನಿಲ್ದಾಣದೆದುರಿನ ಚಹಾದಂಗಡಿಯ ಪಕ್ಕೀರಪ್ಪನೊಬ್ಬನೇ, ಅದೂ ಗೇಲಿಗಾಗಿ.

"ಏನಂತಾರ್ರೀ ಸರ, ನಿಮ್ಮ ಎಂಪಿ ಸಾಹೇಬ್ರು?"

"ಇನ್ನೂ ಬಾಯಿ ಬಿಟ್ಟಿಲ್ಲಪ್ಪ."

ಚರಿತ್ರೆಯ ಕಡೆಯ ಅಧ್ಯಾಯ ಬಾಕಿಯಿರುವಾಗಲೇ ಕಣ್ಣಿಗೆ ಪೊರೆ ಬಂದು ಅಕ್ಷರಗಳು ಮಂಜಾದವು. ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಹೋದಾಗ ನರ್ಸು, ಜೊತೆಗೆ ಯಾರು ಬಂದಿದ್ದಾರೆಂದು ವಿಚಾರಿಸಿದಳು. ಆಚಾರ್ಯರು ಕೋಟಿನ ಗುಂಡಿಯನ್ನು ಬಿಚ್ಚುತ್ತ ಹಾಕುತ್ತ ನಿಂತರು. ಜೊತೆಯವರಿಲ್ಲದೆ ಆಗದೆಂದಳು. ಬಂದ ದಾರಿಯಲ್ಲೇ ಮರಳಿದರು. ಆ ವಿಷಯವನ್ನು ಯಾರಿಗೂ ಹೇಳಲಿಲ್ಲ.

ಒಂದು ಬೆಳಗ್ಗೆ ಅವರು ಚಹಾದ ಲೋಟಕ್ಕೆ ಕೈ ಚಾಚಿ ಬರಿಗಾಳಿಯನ್ನು ಹಿಡಿದದ್ದು ಪಕ್ಕೀರಪ್ಪನ ಕಣ್ಣಿಗೆ ಬಿತ್ತು. ಬಿಡದೆ ಕೇಳಿ, ನಡೆದುದನ್ನೆಲ್ಲ ಅವರ ಬಾಯಿಂದ ಹೊರಡಿಸಿದ. ಅಂದು ಅವನು ನಗಲಿಲ್ಲ.

"ಆ ಥಾಮಸಗ ಇಬ್ರು ನಿಂತಿದ್ರಂತ ನೀವ ಹೇಳಿದ್ರಲ್ರೀ. ನಾ ಒಬ್ಬ, ಹೂವಿನ ತಾಯಕ್ಕ ಒಬ್ಬಾಕಿ. ನಾಳೆ ಹೋಗೂಣು ನಡೀರಿ."

ಮರುದಿನ ನರ್ಸು ಅದೇ ಪ್ರಶ್ನೆ ಕೇಳಿದಾಗ, ಅಂಗಡಿಯ ಪಕ್ಕದಲ್ಲಿ ಮಾಲೆ ಕಟ್ಟಿ ಮಾರುವ ತಾಯಕ್ಕ ಮುಂದೆ ಬಂದು, "ಹೆದರಿ ಓಡಿ ಹೋಗದಂಗ ನಾವು ನೋಡ್ಕಂತೀವಿ, ಒಳಗ ಕರ್ಕೊಳವ್ವ" ಎಂದಳು. ಆಚಾರ್ಯರು ಉಣ್ಣೆಯ ಕೋಟನ್ನು ಕಳಚಿ ಅವಳ ಕೈಗಿತ್ತು ನಡೆದರು.

ತಾವೆಂದೂ ಕಾಣದವರ ನೆನಪಿಗೆ ಕಾವಲು ಕೂತ ಇಂಥ ಏಕಾಂಗಿಗಳು ಲೋಕದಲ್ಲಿ ಅಲ್ಲಲ್ಲಿ ಇರುತ್ತಾರೆ. ಸತ್ತವರಿಗೆ ನೆರೆಯವರಾಗಿ, ಬದುಕಿರುವವರ ನಡುವೆ ಪರಸ್ಥಳದವರಂತೆ ಬಾಳುತ್ತಾರೆ. ತಮ್ಮ ಮಾತಿಗೆ ಒಂದು ಕಿವಿ ತೆರೆದೇ ಇತ್ತೆಂಬುದು ಅವರಿಗೆ ಕಾಣಿಸುವ ಹೊತ್ತಿಗೆ ಕಣ್ಣು ಮಂಜಾಗಿರುತ್ತದೆ.